ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕ್ಸೋದಾ, ಬೇಡ್ವಾ? ನಮ್ಮ ನಾಲ್ಕು ತಾಲ್ಲೂಕಿನ ಲೆಕ್ಕ

1/9

ನೇರವಾಗಿ ವಿಷಯಕ್ಕೆ ಬರ್ತೀನಿ. ಈ ಪೇಜಿನ ಇನ್‌ಬಾಕ್ಸ್‌ಗೆ ಅತಿ ಹೆಚ್ಚು ಬರೋ ಪ್ರಶ್ನೆ ಇದು: "ಅಣ್ಣ, ಲ್ಯಾಪ್‌ಟಾಪ್ ಸಿಕ್ಕಾಪಟ್ಟೆ ಸ್ಲೋ ಆಗಿದೆ. ರ‍್ಯಾಮ್ ಹಾಕ್ಸಲಾ, ಇಲ್ಲ ಹೊಸದೇ ತಗೊಳ್ಳಲಾ?"

ಕೇಳೋರು ಯಾರು ಅಂತ ನೋಡಿ. ಮಧುಗಿರಿ ಕಡೆ ಮೇಷ್ಟ್ರು. ಶಿರಾದಲ್ಲಿ ಮದುವೆ ವಿಡಿಯೋ ಮಾಡೋ ಹುಡುಗ. ಕೊರಟಗೆರೆಯ ಜೆರಾಕ್ಸ್ ಅಂಗಡಿಯವರು. ಪಾವಗಡದ ಬಿಸಿಎ ವಿದ್ಯಾರ್ಥಿನಿ. ತುಮಕೂರು ಜಿಲ್ಲೆಯೊಳಗೇ ಇದ್ದರೂ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅಂದರೆ ಶಾಲೆ, ಪರೀಕ್ಷೆ, ರಿಸಲ್ಟ್ ವಿಷಯದಲ್ಲಿ ನಾವೇ ಒಂದು ಜಿಲ್ಲೆ. ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪ್ ಅನ್ನೋದು ಶೋಕಿಯ ವಸ್ತು ಅಲ್ಲ. ಒಂದೇ ಇರುತ್ತೆ, ಅದರಲ್ಲೇ ಅಕ್ಕನ ಪ್ರಾಜೆಕ್ಟು, ತಮ್ಮನ ಕ್ಲಾಸು, ಅಪ್ಪನ ಪಹಣಿ, ಎಲ್ಲ ಆಗಬೇಕು. ಅದು ನಿಧಾನ ಆದ್ರೆ ಮನೆಯೇ ನಿಧಾನ ಆಗುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಾರಣ ಕೊಡ್ತೀನಿ.

👉 4 ಜಿಬಿ ಇದ್ದು, ಹಾಕೋಕೆ ಜಾಗ ಇದ್ರೆ 8ಕ್ಕೆ ಏರಿಸಿ.
👉 8ರಿಂದ 16ಕ್ಕೆ ಹೋಗೋದಾದ್ರೆ ಯಾವ ಕೆಲಸಕ್ಕೆ ಅಂತ ಹೆಸರು ಹೇಳೋಕೆ ಬರಬೇಕು. ಹೇಳೋಕೆ ಬರಲ್ಲ ಅಂದ್ರೆ ಬೇಡ.
👉 ಒಳಗೆ ಹಳೇ ತಿರುಗೋ ಹಾರ್ಡ್‌ಡಿಸ್ಕ್ ಇದ್ರೆ ಮೊದಲ ದುಡ್ಡು ಅದಕ್ಕೆ, ರ‍್ಯಾಮಿಗಲ್ಲ.
👉 ಸಾಲ ಮಾಡಿ ಹೊಸದು ತರೋದು ಕೊನೇ ದಾರಿ.

"ಎಷ್ಟು ಜಿಬಿ?" ಅನ್ನೋದು ಎರಡನೇ ಪ್ರಶ್ನೆ. "ಕೆಲಸ ಎಲ್ಲಿ ನಿಂತಿದೆ?" ಅನ್ನೋದು ಮೊದಲನೇದು. ಈ ಒಂಬತ್ತು ಪೋಸ್ಟಿನಲ್ಲಿ ನಾನು ಹೇಳೋದು ಇಷ್ಟೇ.

2/9

ಫೋಟೋದಲ್ಲಿ ಇರೋದು ರಾಗಿ ಕಣ. ಲ್ಯಾಪ್‌ಟಾಪಿಗೂ ಇದಕ್ಕೂ ಏನಪ್ಪ ಸಂಬಂಧ ಅಂತೀರಾ? ಇದೆ.

ಕೊಯ್ದ ರಾಗಿ ಬಣವೆಯಲ್ಲಿ ಇರುತ್ತೆ. ಅಲ್ಲಿ ಎಷ್ಟು ಬೇಕಾದ್ರೂ ಒಟ್ಟಬಹುದು, ಎಷ್ಟು ದಿನ ಬೇಕಾದ್ರೂ ಇಡಬಹುದು. ಆದ್ರೆ ಒಕ್ಕಣೆ ಮಾತ್ರ ಬಣವೆ ಮೇಲೆ ಆಗಲ್ಲ. ಹೊರೆ ಇಳಿಸಿ ಕಣಕ್ಕೆ ತಂದು ಹರಡಬೇಕು. ಕೆಲಸ ಆಗೋದು ಕಣದಲ್ಲಿ. ಲ್ಯಾಪ್‌ಟಾಪಿನ ಡಿಸ್ಕ್ ಅಂದ್ರೆ ಬಣವೆ: ಫೋಟೋ, ಸಿನಿಮಾ, ಫೈಲು ಎಲ್ಲ ಅಲ್ಲಿ. ರ‍್ಯಾಮ್ ಅಂದ್ರೆ ಕಣ: ಈಗ ತೆರೆದು ಕೆಲಸ ಮಾಡ್ತಿರೋದು ಇಲ್ಲಿ. ಸ್ವಿಚ್ ಆಫ್ ಮಾಡಿದ್ರೆ ಕಣ ಖಾಲಿ, ಬಣವೆ ಹಾಗೇ ಇರುತ್ತೆ. "512 ಜಿಬಿ ಇದೆ ಅಣ್ಣ, ಆದ್ರೂ ಸ್ಲೋ" ಅನ್ನೋರು ಬಣವೆ ಅಳತೆ ಹೇಳ್ತಿದ್ದಾರೆ, ಕಣದ್ದಲ್ಲ.

ಈಗ ಕಣ ಚಿಕ್ಕದಿದೆ ಅಂದ್ಕೊಳ್ಳಿ. ಇನ್ನೊಂದು ಹೊರೆ ತರಬೇಕು ಅಂದ್ರೆ ಅರ್ಧ ಒಕ್ಕಿದ್ದನ್ನ ಬಾಚಿ ಬದಿಗೆ ಎತ್ತಿಡಬೇಕು. ಆಮೇಲೆ ಅದೇ ಬೇಕಾದ್ರೆ ಇದನ್ನ ಎತ್ತಿಟ್ಟು ಅದನ್ನ ತರಬೇಕು. ಒಕ್ಕೋದಕ್ಕಿಂತ ಹೊರೋದೇ ಜಾಸ್ತಿ. ವಿಂಡೋಸ್ ಮಾಡೋದೂ ಇದೇ. ರ‍್ಯಾಮ್ ತುಂಬಿದಾಗ ಸ್ವಲ್ಪ ಭಾಗವನ್ನ ಡಿಸ್ಕಿನ ಮೇಲೆ ಪೇಜ್ ಫೈಲ್ ಅನ್ನೋ ಜಾಗದಲ್ಲಿ ಇಡುತ್ತೆ, ಬೇಕಾದಾಗ ವಾಪಸ್ ತರುತ್ತೆ. ಡಿಸ್ಕ್ ರ‍್ಯಾಮಿಗಿಂತ ಎಷ್ಟೋ ಪಟ್ಟು ನಿಧಾನ. ಆ ಓಡಾಟವೇ ನೀವು ನೋಡೋ "ಹ್ಯಾಂಗ್".

ಆದ್ರೆ ಈ ಮಾತಿಗೆ ಇನ್ನೊಂದು ಮುಖ ಇದೆ. ಎರಡು ಎಕರೆ ರಾಗಿಗೆ ಹತ್ತು ಎಕರೆಯ ಫಸಲು ಹಿಡಿಯೋ ಕಣ ಮಾಡಿದ್ರೆ ಒಕ್ಕಣೆ ಬೇಗ ಆಗುತ್ತಾ? ಇಲ್ಲ. ಉಳಿದ ಕಣ ಸುಮ್ಮನೆ ಬಿಸಿಲು ಕಾಯ್ತಾ ಬಿದ್ದಿರುತ್ತೆ. ರ‍್ಯಾಮ್ ಕೊರತೆ ಇದ್ರೆ ಹಾಕಿದ್ದು ವರ. ಕೊರತೆ ಇಲ್ಲದಿದ್ರೆ ಹಾಕಿದ್ದು ಬರೀ ಖರ್ಚು. "ಜಾಸ್ತಿ ರ‍್ಯಾಮ್ ಅಂದ್ರೆ ಜಾಸ್ತಿ ಸ್ಪೀಡ್" ಅನ್ನೋದು ಅರ್ಧ ಸತ್ಯ. ಇನ್ನರ್ಧ ಹೇಳೋದರಿಂದ ಯಾರಿಗೂ ವ್ಯಾಪಾರ ಆಗಲ್ಲ, ಅದಕ್ಕೇ ಅದನ್ನ ಯಾರೂ ಹೇಳಲ್ಲ.

3/9

ಹಾಗಾದ್ರೆ ಕೊರತೆ ಇದೆಯೋ ಇಲ್ವೋ ಗೊತ್ತಾಗೋದು ಹೇಗೆ? ಯಾರನ್ನೂ ಕೇಳಬೇಡಿ, ಲ್ಯಾಪ್‌ಟಾಪನ್ನೇ ಕೇಳಿ. ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ.

ಲ್ಯಾಪ್‌ಟಾಪ್ ಆನ್ ಮಾಡಿ ಐದು ನಿಮಿಷ ಬಿಡಿ. ದಿನಾ ಏನೇನು ತೆರೀತೀರೋ ಅಷ್ಟನ್ನೂ ತೆರೀರಿ: ಕ್ರೋಮ್, ವರ್ಡ್, ವಾಟ್ಸಾಪ್, ನಿಮ್ಮ ಕೆಲಸದ ಸಾಫ್ಟ್‌ವೇರ್. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋದಕ್ಕೆ ಹೋಗಿ. ಸಿಪಿಯು, ಮೆಮೊರಿ, ಡಿಸ್ಕ್ ಮೂರಕ್ಕೂ ಶೇಕಡಾ ಲೆಕ್ಕ ಕಾಣುತ್ತೆ (ಫೋಟೋ ನೋಡಿ). ಹತ್ತು ನಿಮಿಷ ಕೆಲಸ ಮಾಡ್ತಾ ಗಮನಿಸಿ.

ಮೆಮೊರಿ 85-90 ದಾಟಿ ಅಲ್ಲೇ ನಿಂತಿದ್ರೆ, ಜೊತೆಗೆ ಡಿಸ್ಕೂ ಒದ್ದಾಡ್ತಿದ್ರೆ: ಕಣ ಸಾಲ್ತಿಲ್ಲ. ರ‍್ಯಾಮ್ ವಿಷಯ ಯೋಚಿಸಬಹುದು.

ಮೆಮೊರಿ 50-60ರಲ್ಲೇ ಇದೆ, ಡಿಸ್ಕ್ ಮಾತ್ರ 100: ರ‍್ಯಾಮ್ ಹಾಕಿದ್ರೂ ಇದು ಹೀಗೇ ಇರುತ್ತೆ. ಮುಂದಿನ ಪೋಸ್ಟ್ ಓದಿ.

ಸಿಪಿಯು 100: ಪ್ರೊಸೆಸರ್ ಹಳೇದಿರಬಹುದು, ಹಿಂದೆ ಯಾವುದೋ ಸ್ಕ್ಯಾನ್ ಓಡ್ತಿರಬಹುದು, ಅಥವಾ ಫ್ಯಾನಿನಲ್ಲಿ ಧೂಳು ತುಂಬಿ ಬಿಸಿ ಏರಿರಬಹುದು. ಬಿಸಿ ಏರಿದ್ರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ. ನಮ್ಮ ಕಡೆ ಧೂಳಿಗೇನು ಬರ ಹೇಳಿ! ಒಂದು ಸಲ ಬಿಚ್ಚಿ ಕ್ಲೀನ್ ಮಾಡಿಸಿದ್ರೆ ಎಷ್ಟೋ ಲ್ಯಾಪ್‌ಟಾಪ್ ಉಸಿರಾಡುತ್ತೆ.

ಮೂರೂ ಕಡಿಮೆ, ಆದ್ರೂ ವೆಬ್‌ಸೈಟ್ ತೆರೆಯಲ್ಲ: ಅದು ನೆಟ್ ಸಮಸ್ಯೆ ಕಣ್ರೀ. ಮೊಬೈಲ್ ಹಾಟ್‌ಸ್ಪಾಟಿಗೆ ಒಂದು ಕಡ್ಡಿ ಸಿಗ್ನಲ್ ಇರೋ ಊರಲ್ಲಿ 32 ಜಿಬಿ ರ‍್ಯಾಮ್ ಹಾಕಿದ್ರೂ ಪೇಜ್ ಬರಲ್ಲ.

ದುಡ್ಡು ಕೊಡೋ ಮುಂಚೆ ಪುಕ್ಕಟೆ ಕೆಲಸ ಮೂರು ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟ್‌ಅಪ್ ಪಟ್ಟಿ ನೋಡಿ, ಬೇಡದ್ದನ್ನ ನಿಲ್ಲಿಸಿ. ಎರಡೆರಡು ಆಂಟಿವೈರಸ್ ಇದ್ರೆ ಒಂದನ್ನ ತೆಗೀರಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಮೆಮೊರಿ ಸೇವರ್ ಆನ್ ಮಾಡಿ. ಇನ್ನೊಂದು: ಶಟ್‌ಡೌನ್ ಮಾಡಿದ್ರೆ ವಿಂಡೋಸ್ ಸಾಮಾನ್ಯವಾಗಿ ಪೂರ್ತಿ ಹೊಸದಾಗಿ ಶುರುವಾಗಲ್ಲ, ರೀಸ್ಟಾರ್ಟ್ ಒತ್ತಿದ್ರೆ ಆಗುತ್ತೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ.

4/9

ಈ ಪೋಸ್ಟ್‌ಗೆ ಕೆಲವರು ಬೇಜಾರಾಗಬಹುದು. ಪರವಾಗಿಲ್ಲ. ನನ್ನ ಪ್ರಕಾರ, ನಮ್ಮ ಕಡೆ "ರ‍್ಯಾಮ್ ಕಡಿಮೆ" ಅಂತ ಹೇಳಿಸಿಕೊಂಡಿರೋ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ನಿಜವಾದ ರೋಗ ಹಾರ್ಡ್‌ಡಿಸ್ಕು.

ಹಳೇ ಹಾರ್ಡ್‌ಡಿಸ್ಕ್ ಒಳಗೆ ನಿಜವಾಗಲೂ ಒಂದು ತಟ್ಟೆ ತಿರುಗುತ್ತೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು. ಅದರ ಮೇಲೆ ಒಂದು ಮುಳ್ಳು ಆ ಕಡೆ ಈ ಕಡೆ ಓಡಾಡಿ ಓದುತ್ತೆ. ದೊಡ್ಡ ಫೈಲನ್ನ ಸಾಲಾಗಿ ಓದೋವಾಗ ಸೆಕೆಂಡಿಗೆ ಸುಮಾರು 100 ಎಂಬಿ ಬರುತ್ತೆ. ಸಾಧಾರಣ ಸಾಟಾ ಎಸ್‌ಎಸ್‌ಡಿಯಲ್ಲಿ ಅದೇ ಸುಮಾರು 500 ಎಂಬಿ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇರೋದು ಚಿಲ್ಲರೆ ಚಿಲ್ಲರೆ ಫೈಲು ಓದೋವಾಗ. ವಿಂಡೋಸ್ ಶುರುವಾಗೋದು, ಸಾಫ್ಟ್‌ವೇರ್ ತೆರೆಯೋದು ಎಲ್ಲ ಸಾವಿರಾರು ಚಿಲ್ಲರೆ ಫೈಲಿನ ಕೆಲಸ. ಅಲ್ಲಿ ಮುಳ್ಳು ಓಡಾಡೋದಕ್ಕೇ ಹೊತ್ತು ಹೋಗುತ್ತೆ. ಎಸ್‌ಎಸ್‌ಡಿಯಲ್ಲಿ ಮುಳ್ಳೂ ಇಲ್ಲ, ತಟ್ಟೆಯೂ ಇಲ್ಲ.

ನಮ್ಮೂರಿಗೆ ಇನ್ನೊಂದು ಕಾರಣವೂ ಸೇರುತ್ತೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಪಾವಗಡದಿಂದ ಮಧುಗಿರಿಗೋ ತುಮಕೂರಿಗೋ ಬಸ್ಸಲ್ಲಿ ಕುಲುಕಿಕೊಂಡು ಹೋಗೋರಿಗೆ, ಸ್ಲೀಪ್‌ನಲ್ಲೇ ಮಡಚಿ ಬೈಕ್ ಮೇಲೆ ಹೊರಡೋರಿಗೆ, ತಿರುಗೋ ತಟ್ಟೆ ಒಳ್ಳೇ ಜೊತೆಗಾರ ಅಲ್ಲ.

ಡಿಸ್ಕ್ ಯಾವುದು ಅಂತ ನೋಡೋದು ಸುಲಭ. ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಅಂತ ಬರೆದಿರುತ್ತೆ. ಎಚ್‌ಡಿಡಿ ಅಂತ ಇದ್ದು, ಕೈಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ರೆ, ಕಣ್ಣು ಮುಚ್ಚಿಕೊಂಡು ಎಸ್‌ಎಸ್‌ಡಿ ಹಾಕ್ಸಿ. 256 ಜಿಬಿ ಸಾಕು. ರ‍್ಯಾಮ್ ಸ್ವಲ್ಪ ಕಡಿಮೆ ಇದ್ರೂ, ಪೇಜ್ ಫೈಲ್ ಎಸ್‌ಎಸ್‌ಡಿ ಮೇಲೆ ಇರೋದರಿಂದ ಆ ಓಡಾಟವೂ ಬೇಗ ಮುಗಿಯುತ್ತೆ. ಅಂದ್ರೆ ಒಂದೇ ಖರ್ಚಿನಲ್ಲಿ ಎರಡು ನೋವಿಗೂ ಸ್ವಲ್ಪ ಔಷಧಿ. ತೆಗೆದ ಹಾರ್ಡ್‌ಡಿಸ್ಕನ್ನ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಮನೆಯ ಫೋಟೋ, ಆಧಾರ್ ಸ್ಕ್ಯಾನ್ ಎಲ್ಲ ಇರುತ್ತೆ. ಒಂದು ಡಬ್ಬಿ ಹಾಕಿಸ್ಕೊಂಡ್ರೆ ಹೊರಗಿನಿಂದ ಬ್ಯಾಕಪ್‌ಗೆ ಬಳಸಬಹುದು.

5/9

ಸರಿ, ಪರೀಕ್ಷೆ ಮಾಡಿದ್ರಿ, ರ‍್ಯಾಮೇ ಕಡಿಮೆ ಅಂತ ಗೊತ್ತಾಯ್ತು. ಈಗ ಮುಂದಿನ ಪ್ರಶ್ನೆ: ಹಾಕೋಕೆ ಆಗುತ್ತಾ?

ಎಲ್ಲ ಲ್ಯಾಪ್‌ಟಾಪಿಗೂ ಆಗಲ್ಲ. ತೆಳ್ಳಗಿನ ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಎಲ್‌ಪಿಡಿಡಿಆರ್ ಅಂತ ಬರೆದಿದ್ರೆ ಬಹುತೇಕ ಇದೇ ಜಾತಿ. ಅಲ್ಲಿ ಕೊಂಡ ದಿನ ಎಷ್ಟಿತ್ತೋ ಸಾಯೋವರೆಗೂ ಅಷ್ಟೇ. ಅದಕ್ಕೇ ಹೊಸದು ಕೊಳ್ಳೋರಿಗೆ ನನ್ನ ಮಾತು: ಬಣ್ಣ ನೋಡೋ ಮುಂಚೆ ರ‍್ಯಾಮ್ ಸ್ಲಾಟ್ ಇದೆಯಾ ಅಂತ ಕೇಳಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದ್ರೆ ಕೆಳಗೆ ಸ್ಲಾಟ್ಸ್ ಯೂಸ್ಡ್ ಅಂತ ಒಂದು ಸಾಲು ಇರುತ್ತೆ. ಎರಡರಲ್ಲಿ ಒಂದು ಅಂತ ತೋರಿಸಿದ್ರೆ ಒಂದು ಖಾಲಿ ಇದೆ. ಇದೂ ಕೆಲವು ಸಲ ದಾರಿ ತಪ್ಪಿಸುತ್ತೆ, ಬೆಸುಗೆ ಹಾಕಿದ್ದನ್ನೂ ಸ್ಲಾಟ್ ಅಂತಲೇ ಎಣಿಸುತ್ತೆ. ಅದಕ್ಕೆ ಮಾಡೆಲ್ ನಂಬರ್ ಹಾಕಿ ಕಂಪನಿಯ ಸೈಟಿನಲ್ಲಿ ನೋಡೋದು ಗ್ಯಾರಂಟಿ. ಗರಿಷ್ಠ ಎಷ್ಟು ಜಿಬಿ ತಗೊಳ್ಳುತ್ತೆ ಅನ್ನೋದೂ ಅಲ್ಲೇ ಇರುತ್ತೆ.

ಜಾತಿ ನೋಡದೆ ರ‍್ಯಾಮ್ ಕೊಳ್ಳೋ ಹಾಗಿಲ್ಲ. ಲ್ಯಾಪ್‌ಟಾಪಿನ ಡಿಡಿಆರ್3 ಕಡ್ಡಿಗೆ 204 ಪಿನ್ನು, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಮಧ್ಯದ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುತ್ತೆ, ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ. ಡಿಡಿಆರ್3ರಲ್ಲೇ ಎರಡು ಬಗೆ: 1.5 ವೋಲ್ಟ್‌ದು ಒಂದು, ಎಲ್ ಅಕ್ಷರ ಸೇರಿರೋ 1.35 ವೋಲ್ಟ್‌ದು ಇನ್ನೊಂದು. 1.35 ಕೇಳೋ ಲ್ಯಾಪ್‌ಟಾಪಿಗೆ 1.5ರದ್ದು ಹಾಕಿದ್ರೆ ಕೆಲಸ ಮಾಡದೇ ಇರಬಹುದು. ಒಳಗಿರೋ ಕಡ್ಡಿಯ ಲೇಬಲ್ ಫೋಟೋ ತೆಗೆದು ಇಟ್ಕೊಳ್ಳಿ, ಅದಕ್ಕೆ ಹೊಂದೋದನ್ನೇ ತರಿಸಿ.

ಒಂದೇ ಅಳತೆಯ ಎರಡು ಕಡ್ಡಿ ಇದ್ರೆ (4 ಮತ್ತು 4, ಅಥವಾ 8 ಮತ್ತು 8) ಪ್ರೊಸೆಸರ್ ಎರಡೂ ಕಡೆಯಿಂದ ಒಟ್ಟಿಗೆ ಓದುತ್ತೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಇದರಿಂದ ಒಳ್ಳೇ ಲಾಭ, ಯಾಕಂದ್ರೆ ಚಿತ್ರ ತೋರಿಸೋ ಕೆಲಸಕ್ಕೂ ಅದು ಇದೇ ರ‍್ಯಾಮನ್ನ ಬಳಸುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ವಲ್ಪ ರ‍್ಯಾಮ್ ಕಮ್ಮಿ ತೋರಿಸೋದಕ್ಕೂ ಇದೇ ಕಾರಣ. ಯಾರೂ ಕದ್ದಿಲ್ಲ, ಗಾಬರಿ ಬೇಡ.

ಕೊನೇದಾಗಿ, ವಿಂಡೋಸ್ 32 ಬಿಟ್‌ನದ್ದು ಅಂತ ಇದ್ರೆ 4 ಜಿಬಿ ಮೇಲೆ ಹಾಕಿದ್ದು ವ್ಯರ್ಥ. ಮೊದಲು 64 ಬಿಟ್‌ಗೆ ಬದಲಾಯಿಸಬೇಕು.

6/9

ಈಗ ಕೆಲಸದ ಲೆಕ್ಕ. ನಾಲ್ಕು ತಾಲ್ಲೂಕು, ನಾಲ್ಕು ಕೆಲಸ.

ಮಧುಗಿರಿಯ ಮೇಷ್ಟ್ರು. ಸ್ಯಾಟ್ಸ್‌ಗೆ ಮಕ್ಕಳ ಮಾಹಿತಿ ತುಂಬಬೇಕು, ಎಕ್ಸೆಲ್‌ನಲ್ಲಿ ಅಂಕಪಟ್ಟಿ, ಮಧ್ಯೆ ಒಂದು ಆನ್‌ಲೈನ್ ಮೀಟಿಂಗು. ಇದೆಲ್ಲ ಬ್ರೌಸರ್ ಕೆಲಸ. 4 ಜಿಬಿ ತಿಣುಕಾಡುತ್ತೆ, ಯಾಕಂದ್ರೆ ವಿಂಡೋಸ್ ಒಂದೇ 2-3 ಜಿಬಿ ಕೂತ್ಕೊಂಡಿರುತ್ತೆ. 8 ಜಿಬಿ ಆರಾಮ. 16 ಬೇಡವೇ ಬೇಡ ಸರ್.

ಕೊರಟಗೆರೆಯ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ನುಡಿಯಲ್ಲಿ ಅರ್ಜಿ ಟೈಪು, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ. ಪೇಜ್‌ಮೇಕರ್‌ನ ಕೊನೇ ದೊಡ್ಡ ಆವೃತ್ತಿ ಬಂದಿದ್ದು 2001ರಲ್ಲಿ. ಆಗಿನ ಸಾಮಾನ್ಯ ಕಂಪ್ಯೂಟರಿನಲ್ಲಿ 1 ಜಿಬಿ ರ‍್ಯಾಮ್ ಕೂಡ ಇರ್ತಿರಲಿಲ್ಲ. ಅದಕ್ಕೋಸ್ಕರ 16 ಹಾಕ್ಸೋದು ಅಂದ್ರೆ ಸೈಕಲ್‌ಗೆ ಡೀಸೆಲ್ ಹಾಕ್ಸಿದ ಹಾಗೆ. ಆದ್ರೆ ಫೋಟೋಶಾಪ್‌ನಲ್ಲಿ ಹತ್ತಡಿ ಇಪ್ಪತ್ತಡಿ ಬ್ಯಾನರ್ ಡಿಸೈನ್ ಮಾಡ್ತೀರಿ, ಒಂದೊಂದು ಫೈಲೂ ಜಿಬಿ ಲೆಕ್ಕದಲ್ಲಿದೆ ಅಂದ್ರೆ ಆಗ 16ಕ್ಕೆ ಕಾರಣ ಇದೆ.

ಶಿರಾದ ವಿಡಿಯೋ ಹುಡುಗ. ಡಾವಿಂಚಿ ರಿಸಾಲ್ವ್ ಬಳಸ್ತಾನೆ ಅಂದ್ರೆ ಆ ಕಂಪನಿಯೇ 16 ಜಿಬಿ ಕೇಳುತ್ತೆ, ಅದರೊಳಗಿನ ಫ್ಯೂಶನ್ ಬಳಸಿದ್ರೆ 32. ಇವನಿಗೆ ರ‍್ಯಾಮ್ ಅನ್ನೋದು ಖರ್ಚಲ್ಲ, ಬಂಡವಾಳ. ಒಂದು ಮದುವೆ ಸೀಸನ್ನಿನಲ್ಲಿ ಆಲ್ಬಮ್ ಬೇಗ ಕೊಟ್ರೆ ವಾಪಸ್ ಬರುತ್ತೆ. ಹಾಕ್ಸಿ, ಯೋಚನೆ ಬೇಡ.

ಪಾವಗಡದ ಬಿಸಿಎ ವಿದ್ಯಾರ್ಥಿನಿ. ಈ ಸರಣಿ ಬರೆಯೋಕೆ ಕಾರಣ ಇಂಥ ಒಬ್ಬಳ ಮೆಸೇಜು. ಕೊನೇ ವರ್ಷ, ಆ್ಯಪ್ ಪ್ರಾಜೆಕ್ಟ್. ಆಂಡ್ರಾಯ್ಡ್ ಸ್ಟುಡಿಯೋ ತೆರೆದ್ರೆ 8 ಜಿಬಿ ಲ್ಯಾಪ್‌ಟಾಪ್ ನಿಂತೇ ಹೋಗುತ್ತೆ. ಪರದೆ ಮೇಲೆ ಫೋನ್ ತೋರಿಸೋ ಎಮ್ಯುಲೇಟರ್ ಶುರು ಮಾಡಿದ್ರೆ ಮುಗೀತು. ಮನೇಲಿ ಅಮ್ಮನ ಓಲೆ ಗಿರವಿ ಇಟ್ಟು ಹೊಸದು ತರೋ ಮಾತು ನಡೀತಿತ್ತು. ಗೂಗಲ್ ಹೇಳೋ ಲೆಕ್ಕದಲ್ಲಿ ಸ್ಟುಡಿಯೋಗೆ ಕನಿಷ್ಠ 8, ಎಮ್ಯುಲೇಟರ್ ಸೇರಿದ್ರೆ 16. ಅಂದ್ರೆ ಎಮ್ಯುಲೇಟರ್ ಬಿಟ್ರೆ ಇರೋ 8ರಲ್ಲೇ ದಾಟಬಹುದು. ಬಿಡೋದು ಹೇಗೆ? ನಿಮ್ಮ ಕೈಲಿರೋ ಫೋನೇ ಸಾಕು ತಾಯಿ! ಫೋನ್ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಏಳು ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಾಕಿ. ಆ್ಯಪ್ ನೇರ ಫೋನಿನಲ್ಲೇ ಓಡುತ್ತೆ. ಅವಳಿಗೆ ಬರೆದಿದ್ದು ಇದನ್ನೇ. ಓಲೆ ಕಿವಿಯಲ್ಲೇ ಇರಲಿ. ಪ್ರಾಜೆಕ್ಟ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಿನ್ನ ಸಂಬಳದಲ್ಲಿ 16 ಹಾಕ್ಸಿಕೋ.

ಇನ್ನೊಂದು ಮಾತು ಇತ್ತೀಚೆಗೆ ಕೇಳ್ತಿದ್ದೀನಿ: "ಎಐ ಬಳಸೋಕೆ ರ‍್ಯಾಮ್ ಜಾಸ್ತಿ ಬೇಕು." ಚಾಟ್‌ಜಿಪಿಟಿ ಥರದವು ಓಡೋದು ಅವರ ಸರ್ವರಿನಲ್ಲಿ. ನಿಮ್ಮಲ್ಲಿ ತೆರೆಯೋದು ಬರೀ ಒಂದು ಬ್ರೌಸರ್ ಪುಟ.

7/9

ಎಐ ಅಂದೆ ನೋಡಿ, ಬೆಲೆ ವಿಷಯ ಅಲ್ಲಿಂದಲೇ ಶುರು.

ಮೊದಲೆಲ್ಲ "ರ‍್ಯಾಮ್ ತಾನೇ, ಹಾಕ್ಸಿಬಿಡಿ" ಅಂತ ಹೇಳೋದು ಸುಲಭ ಇತ್ತು, ಅಷ್ಟು ಅಗ್ಗ ಇತ್ತು. 2025ರ ಕೊನೆಯಿಂದ ಲೆಕ್ಕ ಬದಲಾಯ್ತು. ಕೆಲವೇ ತಿಂಗಳಲ್ಲಿ ಹಲವು ಕಡ್ಡಿಗಳ ಬೆಲೆ ದುಪ್ಪಟ್ಟು ದಾಟಿತು. ಕಾರಣ ಏನು? ಜಗತ್ತಿನ ಮೆಮೊರಿ ಚಿಪ್‌ನಲ್ಲಿ ಹೆಚ್ಚಿನ ಪಾಲು ಮಾಡೋದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಗೆ ಭಾರೀ ಬೇಡಿಕೆ, ಭಾರೀ ಬೆಲೆ. ಫ್ಯಾಕ್ಟರಿಗಳು ಆ ಕಡೆ ವಾಲಿದವು. ನಮ್ಮಂಥವರ ಡಿಡಿಆರ್4 ಕಡ್ಡಿ ಮಾಡೋ ಆಸಕ್ತಿ ಕಡಿಮೆ ಆಯ್ತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ಮಾರ್ತಿದ್ದ ವ್ಯಾಪಾರವನ್ನೇ ನಿಲ್ಲಿಸ್ತೀವಿ ಅಂತ ಘೋಷಿಸಿತು. ಲ್ಯಾಪ್‌ಟಾಪ್ ಬಿಚ್ಚೋ ಎಲ್ಲರಿಗೂ ಗೊತ್ತಿದ್ದ ಹೆಸರು ಅದು. ಎಸ್‌ಎಸ್‌ಡಿ ಬೆಲೆಗೂ ಇದೇ ಗಾಳಿ ಬೀಸಿದೆ.

ಅಂದ್ರೆ ಎಲ್ಲೋ ಅಮೆರಿಕದಲ್ಲಿ ಕಟ್ಟೋ ಡೇಟಾ ಸೆಂಟರ್ ಹಸಿವಿಗೆ ಕೊರಟಗೆರೆಯ ಹುಡುಗ ತನ್ನ 4 ಜಿಬಿ ಕಡ್ಡಿಗೆ ಹೆಚ್ಚು ಕೊಡಬೇಕು. ಈರುಳ್ಳಿ ಬೆಲೆ ಏರಿದ್ರೆ ಟಿವಿಯಲ್ಲಿ ಬರುತ್ತೆ. ಇದು ಬರಲ್ಲ.

ಹೀಗಿರೋವಾಗ ನನ್ನ ಸಲಹೆ ಬಿಗಿ ಆಗಿದೆ. "ಮುಂದೆ ಇನ್ನೂ ಏರುತ್ತೆ, ಈಗಲೇ ಹಾಕ್ಸಿಬಿಡಿ" ಅನ್ನೋ ಮಾತಿಗೆ ಹೆದರಿ ಕೊಳ್ಳಬೇಡಿ. ಕೊರತೆ ಇದ್ದವರು ಕೊಳ್ಳಲಿ, ಇಲ್ಲದವರು ಸುಮ್ಮನಿರಲಿ. ಬೋರ್ಡ್ ಸುಟ್ಟ ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಕಡ್ಡಿ ಸಿಕ್ಕರೆ ಅದೂ ಒಳ್ಳೇದೇ. ರ‍್ಯಾಮಿನಲ್ಲಿ ತಿರುಗೋ ಭಾಗ ಇಲ್ಲ, ಡಿಸ್ಕಿನ ಥರ ಬೇಗ ಸವೆಯಲ್ಲ. ಆದ್ರೆ ಹಾಕಿದ ಮೇಲೆ ವಿಂಡೋಸ್‌ನಲ್ಲೇ ಇರೋ ಮೆಮೊರಿ ಡಯಾಗ್ನಾಸ್ಟಿಕ್ ಒಂದು ಸಲ ಓಡಿಸಿ ನೋಡಿ. ತಪ್ಪು ತೋರಿಸಿದ್ರೆ ಅವತ್ತೇ ವಾಪಸ್.

ನನ್ನದೊಂದು ಅಳತೆಗೋಲು ಇದೆ: ರಿಪೇರಿ, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಸೇರಿದ ಖರ್ಚು, ಆ ಲ್ಯಾಪ್‌ಟಾಪನ್ನ ಇವತ್ತು ಮಾರಿದ್ರೆ ಬರೋ ದುಡ್ಡಿನ ಅರ್ಧ ದಾಟಬಾರದು. ದಾಟಿದ್ರೆ ನಿಂತು ಯೋಚಿಸಿ.

8/9

"ವಿಂಡೋಸ್ 10 ನಿಂತೋಯ್ತಂತೆ, ಹಳೇದು ಬಿಸಾಕಬೇಕಂತೆ" ಅಂತ ಎಷ್ಟು ಜನ ಕೇಳಿದ್ರಿ!

ನಿಂತಿದ್ದು ನಿಜ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗೀತು. ಆದ್ರೆ ಅದರ ಮಾರನೇ ದಿನ ಯಾರ ಲ್ಯಾಪ್‌ಟಾಪೂ ಆಫ್ ಆಗಲಿಲ್ಲ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡೂ ಬೇಡ.

ವಿಂಡೋಸ್ 11ಕ್ಕೆ ಹೋಗೋಕೆ ಕಾಗದದ ಮೇಲೆ 4 ಜಿಬಿ ರ‍್ಯಾಮ್ ಸಾಕು. ಆದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಒಪ್ಪಿದ ಪಟ್ಟಿಯ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚೆಗೆ. ಇಲ್ಲಿ ಗಮನಿಸಿ: ರ‍್ಯಾಮ್ ಹಾಕ್ಸಿದ್ರೆ ವಿಂಡೋಸ್ 11 ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಪ್ರೊಸೆಸರ್ ಹಳೇದಾಗಿದ್ರೆ ಎಷ್ಟು ರ‍್ಯಾಮ್ ಹಾಕಿದ್ರೂ ಆ ಪಟ್ಟಿಗೆ ಸೇರಲ್ಲ.

ಸೇರದ ಲ್ಯಾಪ್‌ಟಾಪಿಗೆ ಏನು ದಾರಿ? ಲಿನಕ್ಸ್. ಮುಖ ಸಿಂಡರಿಸಬೇಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಟ್ಟಲೆಯಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಪಾಠ ನಡೀತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯೋದೂ ಅದರಲ್ಲೇ. ಲಿನಕ್ಸ್ ಮಿಂಟ್‌ನವರು ಕೇಳೋದು ಕನಿಷ್ಠ 2 ಜಿಬಿ, ಆರಾಮಕ್ಕೆ 4. ಬ್ರೌಸರ್, ಲಿಬ್ರೆ ಆಫೀಸ್, ವಿಡಿಯೋ ನೋಡೋದು ಎಲ್ಲ ಆಗುತ್ತೆ. ನುಡಿಯ ಕೀಲಿ ವಿನ್ಯಾಸ ಅಲ್ಲೂ ಸಿಗುತ್ತೆ, ಯೂನಿಕೋಡ್‌ನಲ್ಲಿ ಟೈಪ್ ಮಾಡಬಹುದು. ಆದ್ರೆ ಡಿಟಿಪಿ ಅಂಗಡಿಯವರು ಮಾತ್ರ ಹುಷಾರು: ನಿಮ್ಮ ಪೇಜ್‌ಮೇಕರ್, ಹಳೇ ನುಡಿ ಫಾಂಟಿನ ಕಡತಗಳೆಲ್ಲ ವಿಂಡೋಸ್‌ಗೇ ಅಂಟಿಕೊಂಡಿವೆ. ನಿಮಗೆ ಈ ದಾರಿ ಬೇಡ.

ಬೀರು ಮೇಲಿನ ಲ್ಯಾಪ್‌ಟಾಪ್ ನೆನಪಿದೆಯಾ? 2020ರಲ್ಲಿ ಸರ್ಕಾರಿ ಪದವಿ ಕಾಲೇಜಿನ ಮೊದಲ ವರ್ಷದವರಿಗೆ ಸರ್ಕಾರ ಉಚಿತ ಲ್ಯಾಪ್‌ಟಾಪ್ ಕೊಟ್ಟಿತ್ತು. ಅವತ್ತು ತಗೊಂಡವರು ಓದು ಮುಗಿಸಿ ಬೆಂಗಳೂರು ಸೇರಿದ್ದಾರೆ. ಲ್ಯಾಪ್‌ಟಾಪ್ ಊರಲ್ಲೇ ಧೂಳು ಕುಡೀತಿದೆ. ಅಂಥದ್ದು ನಿಮ್ಮ ಮನೇಲೂ ಇದ್ರೆ ಇಳಿಸಿ. ತಂಗಿಯ ಪಿಯುಸಿಗೆ ಹೊಸದು ಹುಡುಕೋ ಮುಂಚೆ ಅದನ್ನ ಒಂದು ಸಲ ಆನ್ ಮಾಡಿ, 3ನೇ ಪೋಸ್ಟಿನ ಪರೀಕ್ಷೆ ಮಾಡಿ.

9/9

ಕೊನೇ ಪೋಸ್ಟ್. ದುಡ್ಡಿನ ಮಾತು.

ಫೋಟೋ ಪಾವಗಡ ತಾಲ್ಲೂಕಿನ ಸೋಲಾರ್ ಪಾರ್ಕಿನದು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ತಿರುಮಣಿ, ವಳ್ಳೂರು, ಬಾಲಸಮುದ್ರ ಸುತ್ತಿನ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಶುರುವಿನ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಇವತ್ತು ಸಾಧಾರಣ ಹೊಸ ಲ್ಯಾಪ್‌ಟಾಪ್ ಅಂದ್ರೆ 40 ಸಾವಿರದ ಮಾತು. ಅಂದ್ರೆ ಆ ಶುರುವಿನ ದರದಲ್ಲಿ ಹೆಚ್ಚುಕಡಿಮೆ ಎರಡು ಎಕರೆ ಭೂಮಿಯ ಒಂದು ವರ್ಷ. ಗುತ್ತಿಗೆಯೂ ಇಲ್ಲದೆ ಮಳೆ ನಂಬಿ ಕಡ್ಲೆಕಾಯಿ ಹಾಕೋ ಮನೆಗೆ ಈ ಲೆಕ್ಕ ಇನ್ನೂ ಭಾರ. "ತಿಂಗಳಿಗೆ ಇಷ್ಟೇ ಕಂತು" ಅಂತ ಹೇಳೋರು ಎಕರೆ ಲೆಕ್ಕದಲ್ಲಿ ಹೇಳಲ್ಲ. ಅದಕ್ಕೇ ನಾನು ಹೇಳ್ತಿದ್ದೀನಿ.

"ಹಳೇದನ್ನೇ ತೇಪೆ ಹಾಕ್ಕೊಂಡು ಇರಬೇಕಾ? ನಮ್ಮ ಮಕ್ಕಳಿಗೆ ಹೊಸದು ಬೇಡ್ವಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಹೊಸದೇ ಸರಿ ಅನ್ನೋ ಸಂದರ್ಭ ಇದೆ. ರ‍್ಯಾಮ್ ಬೆಸುಗೆಯದ್ದು, 4 ಜಿಬಿ ಮಾತ್ರ, ಪ್ರೊಸೆಸರ್ ಹಳೇದು, ಬ್ಯಾಟರಿ ಸತ್ತಿದೆ, ಕೀಲು ಮುರಿದಿದೆ: ಇವುಗಳಲ್ಲಿ ಮೂರು ಸೇರಿದ್ರೆ ಅದರ ಮೇಲೆ ಒಂದು ರೂಪಾಯಿಯೂ ಹಾಕಬೇಡಿ. ಹೊಸದು ತಗೊಳ್ಳಿ. ತಗೊಳ್ಳೋವಾಗ 8 ಜಿಬಿ ಇದ್ದು ಒಂದು ಸ್ಲಾಟ್ ಖಾಲಿ ಇರೋದನ್ನ ಹುಡುಕಿ, ಇಲ್ಲ ಬೆಸುಗೆಯದ್ದೇ ಆದ್ರೆ 16 ಇರೋದನ್ನ ತಗೊಳ್ಳಿ. ನಾನು ಬೇಡ ಅಂತಿರೋದು ಹೊಸ ಲ್ಯಾಪ್‌ಟಾಪನ್ನಲ್ಲ, ಪರೀಕ್ಷೆ ಮಾಡದೆ ಸಾಲ ಮಾಡೋದನ್ನ.

ಅಂಗಡಿಗೆ ಕೊಡೋ ಮುಂಚೆ ಇಷ್ಟು ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಜಿಬಿ, ಎಷ್ಟು ಸ್ಪೀಡು, ಎಷ್ಟು ಸ್ಲಾಟು ಅಂತ ಕಾಣೋ ಪರದೆಯ ಫೋಟೋ ತೆಗೆದಿಟ್ಕೊಳ್ಳಿ. ಕೆಲಸ ನಿಮ್ಮ ಎದುರಿಗೇ ಆಗಲಿ, ರ‍್ಯಾಮ್ ಕೂರಿಸೋದು ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಬಿಲ್ಲಿನಲ್ಲಿ ಕಂಪನಿ, ಅಳತೆ, ವಾರಂಟಿ ಬರೆಸಿ. ಮನೆಗೆ ಬರೋ ಮುಂಚೆ ಅಲ್ಲೇ ಆನ್ ಮಾಡಿ ಅದೇ ಪರದೆ ಮತ್ತೆ ನೋಡಿ. ಇದು ಯಾರ ಮೇಲೂ ಅನುಮಾನ ಅಲ್ಲ ಸ್ವಾಮಿ. ಚಿನ್ನದ ಅಂಗಡಿಯಲ್ಲಿ ತೂಕ ನೋಡಲ್ವಾ, ಹಾಗೆ. ಒಳ್ಳೇ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಲ್ಯಾಪ್‌ಟಾಪಿನ ಮೆಮೊರಿ, ಡಿಸ್ಕ್, ಸಿಪಿಯು ಮೂರೂ ಎಷ್ಟೆಷ್ಟು ಇತ್ತು, ಅದರಲ್ಲಿ ಏನು ಕೆಲಸ ಮಾಡ್ತೀರಿ, ಯಾವ ಊರು ಅಂತ ಕಾಮೆಂಟ್‌ನಲ್ಲಿ ಬರೀರಿ. ಹಾಕ್ಸೋದಾ ಬೇಡ್ವಾ ಅಂತ ಒಬ್ಬೊಬ್ಬರಿಗೂ ಉತ್ತರ ಕೊಡ್ತೀನಿ. ಬೇಡ ಅನ್ನೋ ಉತ್ತರವೇ ಜಾಸ್ತಿ ಬರುತ್ತೆ ಅಂತ ನನ್ನ ಅಂದಾಜು. ಮನೇಲಿ ಕಂತಿನ ಮಾತು ನಡೀತಿರೋ ಯಾರಾದ್ರೂ ಗೊತ್ತಿದ್ರೆ ಈ ಸರಣಿ ಅವರಿಗೆ ಕಳಿಸಿ.

#ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ #ನಮ್ಮತುಮಕೂರು #ಕನ್ನಡದಲ್ಲಿತಂತ್ರಜ್ಞಾನ